ನಿಘಂಟಿನ ಅರ್ಥ, ಕೇರಿಯ ಅರ್ಥ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಇಂಗ್ಲಿಷ್ ಪದ ಕಲಿಯೋದು ಅಂದರೆ ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಗೆರೆ, ಬಾಯಿಪಾಠ. ಪಾವಗಡದ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅವರಿಗೆ ಬಲಗಡೆಯ ಕನ್ನಡವೂ ಶಾಲೆಯದೇ ಮಾತು. ಆದರೂ ನಮಗೆ ಇಂಗ್ಲಿಷ್ ಬೇಕು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ, ಇಂಗ್ಲಿಷ್ ಕಲಿಯಿರಿ ಅಂದರು. 'ಬೂಸಾ' ಅನ್ನೋ ಒಂದು ಪದಕ್ಕೆ ಗಲಾಟೆಯಾಗಿ ಅವರ ಮಂತ್ರಿ ಪದವಿಯೇ ಹೋಯಿತು. ಪದ ಅಂದರೆ ಅಷ್ಟು ಹಗುರವಲ್ಲ. ನಮ್ಮ ಪ್ರಶ್ನೆ ಇಷ್ಟೆ: ಬಲಗಡೆಯ ಅರ್ಥ ಬರೆದವರು ಯಾರು?

'ಪರಿಯಾ' ತಗೊಳ್ಳಿ. ದೊಡ್ಡ ಪರೀಕ್ಷೆಗಳ ಪದಪಟ್ಟಿಯಲ್ಲಿ ಸಿಗುವ ಪದ. ಅರ್ಥ: ಬಹಿಷ್ಕೃತ. ಅದು ಹುಟ್ಟಿದ್ದು ತಮಿಳಿನ 'ಪರೈ'ಯಿಂದ. ಪರೈ ಅಂದರೆ ಚರ್ಮವಾದ್ಯ, ನಮ್ಮ ತಮಟೆಯ ಒಡಹುಟ್ಟು. ಬಾರಿಸುವವರ ಹೆಸರು ಇಂಗ್ಲಿಷಿಗೆ ಹೋಗಿ ತಿರಸ್ಕಾರದ ಪದವಾಯಿತು. ತಮಟೆ ಬಾರಿಸುವವನ ಮಗಳು ಅದನ್ನೇ ಉರು ಹೊಡೆದು ಅಂಕ ತಗೋಬೇಕು.

ಇನ್ನೊಂದು 'ಅಟ್ರಾಸಿಟಿ'. ನಿಘಂಟಿನಲ್ಲಿ ಕ್ರೌರ್ಯ. 1989ರ ಕಾಯ್ದೆಯಲ್ಲಿ ಇನ್ನೂ ಖಚಿತ: ಮೂರನೇ ಕಲಮಿನಡಿ ಶಿಕ್ಷೆಯಾಗುವ ಅಪರಾಧ. ಜಮೀನು ಕಿತ್ತುಕೊಳ್ಳುವುದು, ಕುಡಿಯುವ ನೀರು ಕೆಡಿಸುವುದು, ಜನರ ಕಣ್ಣೆದುರು ಅವಮಾನಿಸುವುದು. ಊರಬಾಯಲ್ಲಿ? "ಹುಷಾರು, ಅವನು ಅಟ್ರಾಸಿಟಿ ಹಾಕ್ತಾನೆ." ಹೊಡೆದವನ ಕೆಲಸದ ಹೆಸರು ದೂರು ಕೊಟ್ಟವನ ತಲೆಗೆ ಬಂತು! ಪದ ಅದೇ, ಆರೋಪಿ ಬದಲಾದ.

ನಿಘಂಟು ಕಟ್ಟಿದ ಜಿ. ವೆಂಕಟಸುಬ್ಬಯ್ಯನವರು (1913–2021) ಬಾಲ್ಯದಲ್ಲಿ ಮಧುಗಿರಿಯಲ್ಲೂ ಓದಿದವರು. ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾದರು. ಆ ದುಡಿಮೆಗೆ ನಮ್ಮ ಗೌರವವಿದೆ. ಆದರೆ ಅಂಥ ನಿಘಂಟು ನಿಲ್ಲುವುದು ಹೆಚ್ಚಾಗಿ ಬರೆದಿಟ್ಟ ಕಾವ್ಯ, ಶಾಸನಗಳ ಮೇಲೆ. ಅಕ್ಷರವೇ ಸಿಗದವರ ಮಾತು ಅಲ್ಲಿಗೆ ಹೇಗೆ ಬಂದೀತು?

ಹಾಗಂತ ನಿಘಂಟು ಸುಡೋದಲ್ಲ. ಮೇಷ್ಟ್ರುಗಳೇ, ಮಕ್ಕಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆಸಿ. ಮೂರನೇ ಸಾಲಿನಲ್ಲಿ ಆ ಪದ ತಮ್ಮ ಕೇರಿಯಲ್ಲಿ ಏನು ಮಾಡ್ತಿದೆ ಅಂತ ಬರೀಲಿ. ಪರೀಕ್ಷೆಗೆ ಎರಡನೇ ಸಾಲು ಸಾಕು. ನಾಳೆ ಅಪ್ಪನ ಜೊತೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಬರೆಸುವಾಗ ಮೂರೂ ಬೇಕಾಗುತ್ತೆ.