ಸ್ಮೃತಿಯೂ ರೋಮಾಂಚವೂ: ವಿಹಾರೋದ್ಯಾನಗಳನ್ನು ಕುರಿತು ಒಂದು ವಿಮರ್ಶೆ

ಪ್ರವಾಸದ ಕಾಲ ಸಮೀಪಿಸಿತೆಂದರೆ ನಮ್ಮ ಸೀಮೆಯ ಕನ್ನಡ ಶಾಲೆಗಳಲ್ಲಿ ಪ್ರತಿವರ್ಷವೂ ಒಂದು ಚರ್ಚೆ ಏಳುತ್ತದೆ. ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಹಿರಿಯ ಉಪಾಧ್ಯಾಯರು ನಮ್ಮ ಸಂಸ್ಕೃತಿಯ ಪರಿಚಯವಾಗುವ ಸ್ಥಳವೇ ಆಗಬೇಕೆನ್ನುತ್ತಾರೆ. ಮಕ್ಕಳು ಒಕ್ಕೊರಲಿನಿಂದ ತೊಟ್ಟಿಲು, ನೀರಾಟ, ರೋಲರ್ ಕೋಸ್ಟರುಗಳಿರುವ ಥೀಮ್ ಪಾರ್ಕನ್ನು ಕೇಳುತ್ತಾರೆ. ಕಡೆಗೆ ಅರ್ಧ ದಿನ ಅಲ್ಲಿ, ಅರ್ಧ ದಿನ ಇಲ್ಲಿ ಎಂದು ರಾಜಿಯಾಗುತ್ತದೆ. ಉದ್ಯಾನಗಳನ್ನು ನಡೆಸುವವರ ರಾಜಿಯೂ ಇಂಥದೇ. ಒಂದು ಮೂಲೆಯಲ್ಲಿ ಹಳ್ಳಿಯ ಮನೆಯೊಂದನ್ನು ಕಟ್ಟಿ, ಇನ್ನೊಂದು ಮೂಲೆಯಲ್ಲಿ ಉಕ್ಕಿನ ಹಳಿಗಳನ್ನು ನಿಲ್ಲಿಸಿ, ಹಳತು ಹೊಸತುಗಳನ್ನು ಸಮತೂಕಗೊಳಿಸಿದೆವೆಂದು ಅವರು ಭಾವಿಸುತ್ತಾರೆ. ಈ ತೂಕ ಸರಿಯೇ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲೊಂದು ಸಂಗತಿ ಹೊಳೆಯದಿರದು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವ 33 ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಒಂದು. 8 ಸಾತ್ತ್ವಿಕಭಾವಗಳಲ್ಲಿ ರೋಮಾಂಚವೂ ಒಂದು. ಮೊದಲನೆಯದು ಬಂದುಹೋಗುವ ಭಾವ, ಎರಡನೆಯದು ದೇಹದಲ್ಲಿ ತೋರುವ ಚಿಹ್ನೆ. ಎರಡೂ ಸ್ಥಾಯಿಗಳಲ್ಲ. ಸ್ಥಾಯಿಯಿಲ್ಲದೆ ಬರಿಯ ಸ್ಮೃತಿಯಿಂದಾಗಲಿ ಬರಿಯ ರೋಮಾಂಚದಿಂದಾಗಲಿ ರಸ ಹುಟ್ಟದು. ಹೀಗಿರಲು, ಅರ್ಧ ಸ್ಮೃತಿಗೆ ಅರ್ಧ ರೋಮಾಂಚವನ್ನು ಸೇರಿಸಿದೊಡನೆ ಪೂರ್ಣವಾದುದು ಸಿದ್ಧಿಸುವುದೆಂಬ ನಂಬಿಕೆಗೆ ಆಧಾರವಿಲ್ಲ. ಇವೆರಡೂ ಸೇರಿ ಪೋಷಿಸಬೇಕಾದ ಸ್ಥಾಯಿಭಾವ ಯಾವುದೆಂಬುದೇ ನಿಜವಾದ ಪ್ರಶ್ನೆ. ಅದು ವಿಸ್ಮಯವೆಂದು ನನ್ನ ಅಭಿಪ್ರಾಯ. ಮಗುವು ಕಣ್ಣರಳಿಸಿ 'ಇದು ಹೇಗೆ?' ಎಂದು ಕೇಳುವಂತಾದರೆ ಆ ತಾಣ ಸಾರ್ಥಕ. ಹಳೆಯದನ್ನು ಕಂಡು ಬರಿದೆ ನಿಟ್ಟುಸಿರಿಟ್ಟರೆ, ಹೊಸದನ್ನು ಏರಿ ಬರಿದೆ ಕಿರಿಚಿದರೆ, ಮನೆಗೆ ಬಂದಮೇಲೆ ಉಳಿಯುವುದು ಏನೂ ಇಲ್ಲ.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಒಂದನ್ನೊಂದು ಅಣಕಿಸುವಂತೆ, ಎರಡು ತಾಣಗಳಿವೆ. ಬಿಡದಿಯ ಬಳಿ ವಂಡರ್‌ಲಾ. ಅದನ್ನು ದಾಟಿ ಮುಂದೆ ಹೋದರೆ ರಾಮನಗರದ ಬಳಿ ಜಾನಪದ ಲೋಕ. ಎರಡನೆಯದೇ ವಯಸ್ಸಿನಲ್ಲಿ ಹಿರಿದು. ಹೆಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಅದರ ಫಲವಾಗಿ 15 ಎಕರೆಗಳ ಜಾನಪದ ಲೋಕ 1994ರಲ್ಲಿ ತೆರೆಯಿತು. ವಂಡರ್‌ಲಾ ಕೇರಳದ ಉದ್ಯಮಿ ಕೊಚ್ಚೌಸೆಫ್ ಚಿಟ್ಟಿಲಪ್ಪಿಳ್ಳಿಯವರದು. ಕೊಚ್ಚಿಯಲ್ಲಿ 2000ದಲ್ಲಿ ಆರಂಭವಾದ ಅವರ ಉದ್ಯಾನದ ತರುವಾಯ ಬಿಡದಿಯದು 2005ರಲ್ಲಿ, ಹೈದರಾಬಾದಿನದು 2016ರಲ್ಲಿ ಬಂದವು.

ವಂಡರ್‌ಲಾದ ಹೆಸರಾಂತ ಆಟಗಳಲ್ಲಿ ರಿಕಾಯಿಲ್ ಒಂದು. ಬಂಡಿಯನ್ನು ಹಿಮ್ಮುಖವಾಗಿ ಎತ್ತರಕ್ಕೆ ಎಳೆದು ಬಿಡುತ್ತಾರೆ. ಅದು ಧುಮುಕಿ, ಸುರುಳಿಗಳಲ್ಲಿ ತಲೆಕೆಳಗಾಗಿ, ಇನ್ನೊಂದು ಏರನ್ನು ಹತ್ತುತ್ತದೆ. ಅಲ್ಲಿಂದ ಅದೇ ಹಳಿಯ ಮೇಲೆ ಹಿಂದುಹಿಂದಕ್ಕೆ ಮತ್ತೆ ತಲೆಕೆಳಗಾಗಿ ಮರಳುತ್ತದೆ. ಯಂತ್ರಶಿಲ್ಪದ ದೃಷ್ಟಿಯಿಂದ ಇದು ಶ್ಲಾಘ್ಯವೇ. ಎತ್ತರದಲ್ಲಿ ಸಂಚಯವಾದ ಪ್ರಚ್ಛನ್ನಶಕ್ತಿ ಇಳಿಯುವಾಗ ಚಲನಶಕ್ತಿಯಾಗುವುದೆಂಬ ಪಾಠವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆದರೂ ಬಾರದ ತಿಳಿವಳಿಕೆ ಇಲ್ಲಿ ಒಂದು ನಿಮಿಷದಲ್ಲಿ ಬರಬಹುದು. ಆದರೆ ಬರುತ್ತದೆಯೇ? ಮಗುವಿಗೆ ಗೊತ್ತಾಗುವುದು ಹೊಟ್ಟೆ ಕಲಕಿದ್ದು ಮಾತ್ರ. ಬೀಳದಂತೆ ತನ್ನನ್ನು ಹಿಡಿದಿಟ್ಟದ್ದು ಏನೆಂದು ಅದು ಕೇಳುವುದಿಲ್ಲ, ಹೇಳುವವರೂ ಇರುವುದಿಲ್ಲ. ಇದೇ ಆಟವನ್ನು ಯಾವ ದೇಶದಲ್ಲಿ ನಿಲ್ಲಿಸಿದರೂ ವ್ಯತ್ಯಾಸವಾಗದು. ನೆಲದ ಗುರುತೇ ಇಲ್ಲದ ರೋಮಾಂಚವದು.

ಜಾನಪದ ಲೋಕದ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ನೆಲದ ಗುರುತಿಗೆ ಕೊರತೆಯಿಲ್ಲ. ಲೋಕಮಾತಾ ಮಂದಿರದಲ್ಲಿ ಅಡಿಗೆಯ ಪಾತ್ರೆಗಳು, ಮೊರ, ಕಾಳು ತುಂಬುವ ಸಾಧನಗಳು. ಲೋಕಮಹಲಿನಲ್ಲಿ ತೊಗಲುಗೊಂಬೆಗಳು, ವಾದ್ಯಗಳು, ವೇಷಗಳು. ಸಂಗ್ರಹಿಸದೆ ಬಿಟ್ಟಿದ್ದರೆ ಇವುಗಳಲ್ಲಿ ಎಷ್ಟೋ ವಸ್ತುಗಳು ಗುಜರಿಯ ಪಾಲಾಗುತ್ತಿದ್ದವು. ನಾಗೇಗೌಡರ ಋಣ ಕನ್ನಡಿಗರ ಮೇಲೆ ದೊಡ್ಡದು. ಆದರೂ ಗಾಜಿನ ಹಿಂದಿರುವ ತೊಗಲುಗೊಂಬೆಗೂ ದೀಪದ ಮುಂದಿರುವ ತೊಗಲುಗೊಂಬೆಗೂ ಇರುವ ಅಂತರವನ್ನು ಮರೆಯಲಾಗದು. ಗೊಂಬೆಯ ಜೀವ ತೊಗಲಿನಲ್ಲಿಲ್ಲ; ಪರದೆಯ ಮೇಲೆ ಕದಲುವ ಅದರ ನೆರಳಿನಲ್ಲಿದೆ, ಕಡ್ಡಿ ಹಿಡಿದ ಕೈಯಲ್ಲಿದೆ. ನಮಗೆ ನೆರೆಯದಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಈ ಮಾತಿಗೆ ಸಾಕ್ಷಿಯಾಗಿದ್ದರು. ರಾಮಾಯಣದ ಗೊಂಬೆಗಳನ್ನು ಆಡಿಸುತ್ತಿದ್ದ ಪರದೆಯ ಮೇಲೆಯೇ ಅವರು ಗಾಂಧೀಜಿಯ ಕಥೆಯನ್ನೂ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದು ಗೊಂಬೆಗಳನ್ನು ಇಟ್ಟುಕೊಂಡದ್ದಕ್ಕಲ್ಲ, ಆಡಿಸಿದ್ದಕ್ಕೆ. ಜಾನಪದ ಲೋಕವೂ ತನ್ನ ಬಯಲು ರಂಗದಲ್ಲಿ ಕಲಾವಿದರು ಕುಣಿಯುವ ದಿನ ಪೂರ್ಣವಾಗುತ್ತದೆ. ಉಳಿದ ದಿನ ಅರ್ಧವಾಗಿರುತ್ತದೆ.

ಇಂಥ ಒಂದು ಗ್ರಾಮೀಣ ಪ್ರದರ್ಶನಕ್ಕೆ ಹಿಂದೊಮ್ಮೆ ನಾನು ಮಕ್ಕಳೊಡನೆ ಹೋಗಿದ್ದೆ. ಅಲ್ಲಿ ಒಂದು ಕೂರಿಗೆಯನ್ನು ನಿಲ್ಲಿಸಿ, 'ಹಿಂದಿನ ಕಾಲದ ಬಿತ್ತನೆಯ ಸಾಧನ' ಎಂದು ಫಲಕ ಹಾಕಿದ್ದರು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಅದನ್ನು ಓದಿ, ನನ್ನ ಮುಖ ನೋಡಿ, "ನಮ್ ತಾತ ಈ ವರ್ಷಾನೂ ಇದ್ರಾಗೇ ಬಿತ್ಯಾನ ಸಾರ್. ಇಲ್ಲಿ ಯಾಕ ಸುಮ್ನ ನಿಂದ್ರಿಸ್ಯಾರ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹುಡುಗನ ಪ್ರಶ್ನೆಯೇ ಈ ವಿಷಯದಲ್ಲಿ ನಮಗೆ ಒರೆಗಲ್ಲಾಗಬೇಕು. ಸ್ಮೃತಿಯನ್ನು ಮಾರುವವರು ನಗರದವನ ಕಣ್ಣಿನಿಂದ ನೋಡುತ್ತಾರೆ. ಅವನಿಗೆ ಕೂರಿಗೆ ಗತಕಾಲ. ಆಸ್ಪರಿಯ ಸುತ್ತಲಿನ ಎರೆಹೊಲಗಳಲ್ಲಿ ಎತ್ತು ಹೂಡುವ ಮನೆಯ ಮಗುವಿಗೆ ಅದು ಈ ಹೊತ್ತಿನ ಅನ್ನ. 'ಹಿಂದಿನ ಕಾಲ' ಎಂಬ ಫಲಕವನ್ನು ಓದಿದ ಆ ಮಗು, ನನ್ನ ತಾತ ಮುಗಿದುಹೋದವನು, ನನ್ನ ಮನೆ ಮುಗಿದುಹೋದದ್ದು ಎಂದು ತಿಳಿದು ಹಿಂದಿರುಗಿದರೆ ನಾವು ಮಾಡಿಸಿದ ಪ್ರವಾಸ ಶಿಕ್ಷಣವಾಗಲಿಲ್ಲ, ಅವಮಾನವಾಯಿತು. ಟಿಕೆಟಿನ ದರಕ್ಕಿಂತ ಇದು ದೊಡ್ಡ ನಷ್ಟ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಿಂತದ್ದೆಲ್ಲ ಸತ್ತದ್ದೇ? ಹಾಗಾದರೆ ಶಿಲ್ಪದ ಗತಿಯೇನು? ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬಾಳನ್ನೆಲ್ಲ ಅಲ್ಲಿ ಆಳೆತ್ತರದ ಪ್ರತಿಮೆಗಳಲ್ಲಿ ಕಾಣಬಹುದು. ಆಕ್ಷೇಪ ಯುಕ್ತವೇ. ಆದರೆ ನಿಲ್ಲುವುದು ಶಿಲ್ಪದ ಧರ್ಮ. ನಿಂತೇ ಅದು ತನ್ನ ಕೆಲಸವನ್ನು ಮಾಡುತ್ತದೆ. ಒಬ್ಬ ಮುದುಕಿಯ ಮುಖದ ಸುಕ್ಕನ್ನು ಕಲಾವಿದ ಹೇಗೆ ಕಂಡನೆಂಬುದೇ ಅಲ್ಲಿ ವಿಸ್ಮಯದ ವಿಷಯ. ಕೂರಿಗೆಯ ಧರ್ಮ ಬಿತ್ತುವುದು, ತೊಟ್ಟಿಲಿನ ಧರ್ಮ ತಿರುಗುವುದು. ಯಾವ ವಸ್ತುವಾದರೂ ತನ್ನ ಧರ್ಮದಲ್ಲಿ ತೊಡಗಿದ್ದರೆ ಅದು ಹಳೆಯದಾದರೂ ಹೊಸದೇ.

ಹೊಸ ರೋಮಾಂಚವನ್ನು ಹಳೆಯದರೊಡನೆ ಹೇಗೆ ಹೊಂದಿಸಬೇಕೆಂಬ ಪ್ರಶ್ನೆಯನ್ನು ಹೊರದೇಶದವರು ನಮಗಿಂತ ಮೊದಲೇ ಎದುರಿಸಿದ್ದಾರೆ. ಅವರ ಸೋಲು ಗೆಲುವುಗಳೆರಡೂ ನಮಗೆ ಪಾಠ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಬಾಗಿಲಲ್ಲಿಯೇ ತನ್ನ ಬಾಲ್ಯದ ಮಾರ್ಸೆಲಿನ್ ಊರನ್ನು ನೆನಪಿಸುವ ಬೀದಿಯೊಂದನ್ನು ಕಟ್ಟಿಸಿದನು. ಅದೇ ಉದ್ಯಾನದಲ್ಲಿ 1967ರಿಂದ ಪೀಪಲ್‌ಮೂವರ್ ಎಂಬ ಮೆಲ್ಲಗೆ ಚಲಿಸುವ ಬಂಡಿ ಇತ್ತು. ಕಂಬಗಳ ಮೇಲಿನ ದಾರಿಯಲ್ಲಿ ತಂಗಾಳಿ ಸೇವಿಸುತ್ತ ಉದ್ಯಾನವನ್ನು ನೋಡಬಹುದಾಗಿತ್ತು. 1995ರಲ್ಲಿ ಅದನ್ನು ನಿಲ್ಲಿಸಿ, 1998ರಲ್ಲಿ ಅದೇ ದಾರಿಯ ಮೇಲೆ ರಾಕೆಟ್ ರಾಡ್ಸ್ ಎಂಬ ವೇಗದ ಬಂಡಿಯನ್ನು ಓಡಿಸಿದರು. ತಿರುವುಗಳು ನಿಧಾನದ ಬಂಡಿಗೆಂದು ಸಮತಟ್ಟಾಗಿ ಕಟ್ಟಿದವು. ವೇಗಕ್ಕೆ ಬೇಕಾದ ಓರೆಯನ್ನು ಅವುಗಳಿಗೆ ಕೊಡಲಿಲ್ಲ. ಆದುದರಿಂದ ಬಂಡಿ ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿ, ಮತ್ತೆ ಹೆಚ್ಚಿಸಿ, ಪದೇಪದೇ ಕೆಟ್ಟು, 2000ದಲ್ಲಿ ನಿಂತೇಹೋಯಿತು. ನಿಧಾನದ ಸುಖವೂ ಹೋಯಿತು, ವೇಗದ ಸುಖವೂ ದಕ್ಕಲಿಲ್ಲ. ಹಳೆಯದರ ಮೈಯನ್ನು ಅರಿಯದೆ ಹೊಸದನ್ನು ಹೇರಿದರೆ ಆಗುವ ಗತಿಯಿದು.

ಗೆಲುವಿನ ನಿದರ್ಶನವನ್ನು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ನೋಡಬಹುದು. ಅಲ್ಲಿಯ ಟಿವೊಲಿ ಉದ್ಯಾನ 1843ರದು. ಅದರಲ್ಲಿ 1914ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರ್ ಇಂದಿಗೂ ಓಡುತ್ತಿದೆ. ಪ್ರತಿ ಬಂಡಿಯಲ್ಲೂ ಒಬ್ಬ ಮನುಷ್ಯ ಕುಳಿತು, ಇಳಿಜಾರಿನಲ್ಲಿ ತನ್ನ ಕೈಯಿಂದಲೇ ತಡೆಯನ್ನು ಹಾಕುತ್ತಾನೆ. ಅದೇ ಆವರಣಕ್ಕೆ 2004ರಲ್ಲಿ ತಲೆಕೆಳಗಾಗಿಸುವ ಉಕ್ಕಿನ ಕೋಸ್ಟರನ್ನೂ ತಂದರು. ಹೊಸದು ಬಂದಿತೆಂದು ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ಅಲ್ಲಿಯ ಮಗು ತನ್ನ ಮುತ್ತಜ್ಜ ಏರಿದ ಬಂಡಿಯನ್ನೇ ಏರಿ, ಅವನು ಹೆದರಿದ ಇಳಿಜಾರಿನಲ್ಲಿಯೇ ಹೆದರುತ್ತದೆ. ಸ್ಮೃತಿಯೂ ರೋಮಾಂಚವೂ ಅಲ್ಲಿ ಬೇರೆಬೇರೆಯಾಗಿ ಉಳಿದಿಲ್ಲ.

ತಡೆ ಹಾಕುವ ಆ ಕೈಯನ್ನು ನೆನೆದಾಗ ನಮ್ಮ ಜಾತ್ರೆಯ ತೊಟ್ಟಿಲು ಕಣ್ಮುಂದೆ ಬರುತ್ತದೆ. ತೆಲುಗು ನೆರೆಯವರು ರಂಗುಲರಾಟ್ನಂ ಎನ್ನುವ ಮರದ ತೊಟ್ಟಿಲನ್ನು ಹಿಂದೆ ತಿರುಗಿಸುತ್ತಿದ್ದುದು ಮನುಷ್ಯನ ತೋಳು. 1893ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ, 36 ಪೆಟ್ಟಿಗೆಗಳ ಉಕ್ಕಿನ ಚಕ್ರವನ್ನು ನಿಲ್ಲಿಸಿ ಜಗತ್ತನ್ನು ಬೆರಗುಗೊಳಿಸಿದನು. ನಮ್ಮ ಜಾತ್ರೆಗಳ ಜಯಂಟ್ ವ್ಹೀಲುಗಳು ಅದರ ಸಂತತಿ. ಆದರೆ ಕೈತೊಟ್ಟಿಲಿನಲ್ಲಿ ಒಂದು ವಿಶೇಷವಿತ್ತು. ತಿರುಗಿಸುವವನು ಏರಿದ ಮಗುವಿನ ಮುಖವನ್ನು ನೋಡುತ್ತಿದ್ದನು. ಅತ್ತರೆ ನಿಧಾನಿಸುತ್ತಿದ್ದನು, ನಕ್ಕರೆ ಇನ್ನೊಂದು ಸುತ್ತು ಹೆಚ್ಚಾಗಿ ನೂಕುತ್ತಿದ್ದನು. ಭಯಕ್ಕೂ ಭರವಸೆಗೂ ಒಂದೇ ಕೈ ಕಾರಣವಾಗಿತ್ತು.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಮರಳಿ ಬರಲಿ ಎಂದು ನನ್ನ ವಾದವಲ್ಲ. ಹಳೆಯ ರೋಮಾಂಚಗಳಲ್ಲಿ ಕ್ರೌರ್ಯವೂ ಇತ್ತು. ಬೆನ್ನಿಗೆ ಕೊಕ್ಕೆ ಚುಚ್ಚಿ ಮನುಷ್ಯನನ್ನು ತೂಗಿಸುತ್ತಿದ್ದ ಸಿಡಿಯನ್ನು ಯಾರೂ ಬಯಸಲಾರರು. ಆದರೆ ಅನೇಕ ಊರುಗಳವರು ಅದಕ್ಕೆ ಮಾಡಿದ ಮಾರ್ಪಾಡನ್ನು ಗಮನಿಸಬೇಕು. ಅವರು ಕೊಕ್ಕೆಯನ್ನು ಬಿಟ್ಟು, ಬಟ್ಟೆಯಿಂದ ಕಟ್ಟಿ, ಸಿಡಿಯನ್ನು ತಿರುಗಿಸುವುದನ್ನು ಉಳಿಸಿಕೊಂಡರು. ನೋವು ಹೋಯಿತು, ವಿಸ್ಮಯ ಉಳಿಯಿತು. ಯಾವ ಶಾಸ್ತ್ರವನ್ನೂ ಓದದ ಹಳ್ಳಿಗರು ಸಮತೋಲನದ ಮರ್ಮವನ್ನು ಅರಿತಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗೆಯೇ ಇಂದಿನ ಉದ್ಯಾನಗಳು ಭುಜವನ್ನು ಅದುಮಿ ಹಿಡಿಯುವ ಸರಳುಗಳಲ್ಲಿ, ಎತ್ತರದ ಮಿತಿಯಲ್ಲಿ ತೋರುವ ಎಚ್ಚರವನ್ನು ನಮ್ಮ ಜಾತ್ರೆಗಳೂ ಕಲಿಯಬೇಕು.

ನಮ್ಮಲ್ಲಿ ಸಮತೋಲನದ ಉದ್ಯಾನವೊಂದನ್ನು ಕಟ್ಟುವವರು ಹುಟ್ಟಿದರೆ ಅವರಲ್ಲಿ ನನ್ನ ಬಿನ್ನಹವಿಷ್ಟು. ಕೂರಿಗೆಯನ್ನು ನಿಲ್ಲಿಸಬೇಡಿರಿ, ಎತ್ತು ಕಟ್ಟಿ ನಾಲ್ಕು ಸಾಲು ಬಿತ್ತಲು ಬಿಡಿರಿ. ಬೀಸುವ ಕಲ್ಲಿನ ಗೂಟವನ್ನು ಮಗುವಿನ ಕೈಗೆ ಕೊಡಿರಿ. ಕೈತೊಟ್ಟಿಲನ್ನು ಭದ್ರವಾಗಿ ಕಟ್ಟಿ, ಅದರ ಮಗ್ಗುಲಲ್ಲಿಯೇ ಉಕ್ಕಿನ ಚಕ್ರವನ್ನು ನಿಲ್ಲಿಸಿ, ಎರಡನ್ನೂ ಏರಿದ ಮಗುವಿಗೆ ಎರಡೂ ಹೇಗೆ ತಿರುಗುತ್ತವೆಂಬುದನ್ನು ಅದರ ಭಾಷೆಯಲ್ಲಿ ಹೇಳಿರಿ. 'ಹಿಂದಿನ ಕಾಲ' ಎಂಬ ಫಲಕವನ್ನು ಮಾತ್ರ ತೆಗೆಯಿರಿ.

ಅಂಥ ಉದ್ಯಾನ ಹುಟ್ಟುವವರೆಗೆ ಉಪಾಧ್ಯಾಯರ ಹೊಣೆ ಹಗುರಾಗದು. ಪ್ರವಾಸಕ್ಕೆ ಬಿಡದಿಗೆ ಹೋದರೂ ಸರಿ, ರಾಮನಗರಕ್ಕೆ ಹೋದರೂ ಸರಿ; ಹಿಂದಿರುಗಿದ ಮೇಲೆ ಮಕ್ಕಳಿಂದ ಎರಡು ಪ್ರಶ್ನೆಗಳಿಗೆ ಉತ್ತರ ಬರೆಸೋಣ. ಓಡುವ ಬಂಡಿ ನಿನ್ನನ್ನು ಬೀಳಿಸಲಿಲ್ಲವೇಕೆ? ಅಲ್ಲಿ ನಿಂತಿದ್ದ ಯಾವ ವಸ್ತು ನಿಮ್ಮ ಊರಿನಲ್ಲಿ ಇನ್ನೂ ಕೆಲಸ ಮಾಡುತ್ತಿದೆ? ಎರಡನೆಯ ಪ್ರಶ್ನೆಗೆ ನಮ್ಮ ಮಕ್ಕಳು ಬರೆಯಬಹುದಾದ ಉತ್ತರವನ್ನು ಬೆಂಗಳೂರಿನ ಮಕ್ಕಳು ಬರೆಯಲಾರರು. ಆ ಉತ್ತರದಲ್ಲಿ ಕೂರಿಗೆಯೊಡನೆ, ಒರಳಿನೊಡನೆ, ಈ ಗಡಿಯ ಊರುಗಳಲ್ಲಿ ಮನೆಮನೆಯ ಬಳಕೆಯಲ್ಲಿರುವ ನಮ್ಮ ಕನ್ನಡವೂ ಸೇರುತ್ತದೆ. ಅದನ್ನೂ ಯಾರಾದರೂ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವ ಮುನ್ನ, ಪ್ರತಿದಿನ ಕೆಲಸಕ್ಕೆ ಹಚ್ಚಿಕೊಳ್ಳುವುದು ನಮ್ಮ ಕರ್ತವ್ಯ.