ರೆಕ್ಕೆಯನ್ನೇ ತೊರೆದ ಹಕ್ಕಿ

ಅಳಿದುಹೋದ ಹಕ್ಕಿಗಳ ಮಾತು ಬಂದರೆ ನಮ್ಮ ದನಿ ತಾನಾಗಿಯೇ ತಗ್ಗುತ್ತದೆ. ಇದ್ದದ್ದು ಇಷ್ಟು, ಕೊಂದದ್ದು ಹೀಗೆ, ಕೊನೆಯದು ಸತ್ತದ್ದು ಇಂಥ ಕಾಲದಲ್ಲಿ ಎಂದು ಹೇಳಿ ಮುಗಿಸುತ್ತೇವೆ. ನ್ಯೂಜಿಲೆಂಡಿನ ಮೋವಾದ ಕಥೆಯನ್ನೂ ಬಹುಪಾಲು ಹೀಗೇ ಹೇಳುತ್ತಾರೆ. ಓದಿದವರಿಗೆ ಅಪರಾಧದ ವರದಿಯೊಂದನ್ನು ಓದಿದಂತಾಗುತ್ತದೆಯೇ ಹೊರತು ಹಕ್ಕಿಯೊಂದನ್ನು ಕಂಡಂತಾಗುವುದಿಲ್ಲ. ಸತ್ತದ್ದು ಯಾರೆಂದೇ ತಿಳಿಯದೆ ಅಳುವುದಾದರೂ ಹೇಗೆ? ಮೋವಾಕ್ಕೆ ಕರುಣರಸ ಸಲ್ಲಬೇಕಾದದ್ದೇ. ಆದರೆ ಸರದಿಯಲ್ಲಿ ಅದಕ್ಕಿಂತ ಮುಂದೆ ಅದ್ಭುತರಸ ನಿಂತಿದೆ. ಆ ಹಕ್ಕಿ ಬಿಟ್ಟುಹೋದ ಒಂದೊಂದು ಗುರುತನ್ನೂ ತಿರುತಿರುಗಿಸಿ ನೋಡಿ, ಮೊದಲು ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ.

ಹೊರಲೋಕದ ಕೈಗೆ ಸಿಕ್ಕ ಮೊದಲ ಗುರುತು ಒಂದು ಮೂಳೆಯ ತುಂಡು. 1839ರಲ್ಲಿ ಜಾನ್ ರೂಲ್ ಎಂಬಾತ ಅದನ್ನು ತಂದು ಲಂಡನ್ನಿನ ಅಂಗರಚನಾ ಪಂಡಿತ ರಿಚರ್ಡ್ ಓವೆನ್ ಮುಂದಿಟ್ಟ. ಉದ್ದ ಸುಮಾರು 15 ಸೆಂಟಿಮೀಟರ್, ಎರಡು ತುದಿಯೂ ಮುರಿದಿತ್ತು. ಅಡುಗೆಮನೆಯಿಂದ ಆಚೆ ಎಸೆದ ದನದ ಮೂಳೆಯೆಂದು ಓವೆನ್‌ಗೂ ಮೊದಲು ಅನ್ನಿಸಿತ್ತು. ಆದರೆ ಒಳಗಿನ ಹೆಣಿಗೆ ಬೇರೆಯೇ ಮಾತು ಹೇಳುತ್ತಿತ್ತು. ಪ್ರಾಣಿಸಂಗ್ರಹದ ಅಸ್ಥಿಪಂಜರಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿದ ಮೇಲೆ, ಇದು ಹಕ್ಕಿಯ ತೊಡೆಮೂಳೆ, ಗಾತ್ರದಲ್ಲಿ ಆ ಹಕ್ಕಿ ಉಷ್ಟ್ರಪಕ್ಷಿಗೆ ಸಮಸಮ, ಮೈಭಾರದಲ್ಲಿ ಅದಕ್ಕೂ ಮಿಗಿಲು ಎಂದು ಆತ ವಿದ್ವತ್ಸಭೆಯಲ್ಲಿ ಸಾರಿಬಿಟ್ಟ. ಅಂಥ ಹಕ್ಕಿಯನ್ನು ಸಭೆಯಲ್ಲಿದ್ದ ಯಾರೂ ಕಂಡಿರಲಿಲ್ಲ. ಕೈಯಲ್ಲಿದ್ದದ್ದು ಒಂದು ತುಂಡು, ಪಣಕ್ಕಿಟ್ಟದ್ದು ಇಡೀ ಹೆಸರು. 1843ರ ಹೊತ್ತಿಗೆ ನ್ಯೂಜಿಲೆಂಡಿನಿಂದ ಪೆಟ್ಟಿಗೆ ತುಂಬ ಮೂಳೆಗಳು ಬಂದಿಳಿದವು, ಓವೆನ್ ಗೆದ್ದ. ಮುಪ್ಪಿನಲ್ಲಿ ತೆಗೆಸಿಕೊಂಡ ಒಂದು ಫೋಟೋದಲ್ಲಿ ಆತ ಮೋವಾದ ಪೂರ್ಣ ಅಸ್ಥಿಪಂಜರದ ಪಕ್ಕ ನಿಂತಿದ್ದಾನೆ, ಕೈಯಲ್ಲಿ ಅದೇ ತುಂಡು. ಪಕ್ಕದ ಹಕ್ಕಿ ಅವನನ್ನು ಕುಳ್ಳನನ್ನಾಗಿ ಮಾಡಿದೆ. ಆತನಿಗೆ ಅದರ ಬಗ್ಗೆ ಬೇಸರವಿದ್ದಂತೆ ಕಾಣುವುದಿಲ್ಲ.

ಎಲ್ಲ ಮೋವಾಗಳೂ ದೈತ್ಯವಲ್ಲ. ಇಂದಿನ ಲೆಕ್ಕದಲ್ಲಿ ಅವು ಒಂಬತ್ತು ಜಾತಿ. ಚಿಕ್ಕವು ಟರ್ಕಿ ಕೋಳಿಗಿಂತ ತುಸು ದೊಡ್ಡವು. ಡೈನಾರ್ನಿಸ್ ಕುಲದ ಹೆಣ್ಣಿನದು ಬೇರೆಯೇ ಅಳತೆ. ಬೆನ್ನಿನ ಎತ್ತರವೇ ಸುಮಾರು 2 ಮೀಟರ್. ಕತ್ತು ನೀಡಿದರೆ ಮೂರೂವರೆ ಮೀಟರ್ ಮೇಲಿನ ಎಲೆಗೂ ಕೊಕ್ಕು ಎಟಕುತ್ತಿತ್ತು. ತೂಕ 200 ಕಿಲೋ ದಾಟುತ್ತಿತ್ತು. ಮ್ಯೂಸಿಯಮ್ಮುಗಳಲ್ಲಿ ಹಿಂದೆ ಈ ಅಸ್ಥಿಪಂಜರಗಳ ಕತ್ತನ್ನು ನೆಟ್ಟಗೆ ಆಕಾಶಕ್ಕೆ ನಿಲ್ಲಿಸುತ್ತಿದ್ದರು, ಎತ್ತರ ಹೆಚ್ಚಿದಷ್ಟೂ ನೋಡುವ ಜನ ಹೆಚ್ಚು. ಆದರೆ ಮೋವಾದ ಕತ್ತಿನ ಮೂಳೆ ತಲೆಬುರುಡೆಗೆ ಸೇರುವ ಬಗೆ ನೋಡಿದರೆ, ಅದು ಮಾಮೂಲಾಗಿ ತಲೆಯನ್ನು ಮುಂದಕ್ಕೆ, ಬೆನ್ನಿನ ಮಟ್ಟದಲ್ಲಿ, ಬಾಗಿಸಿಕೊಂಡೇ ನಡೆಯುತ್ತಿತ್ತೆಂದು ತಿಳಿಯುತ್ತದೆ. ಕಲ್ಪನೆಯಲ್ಲಿ ಆ ಕತ್ತನ್ನು ಒಮ್ಮೆ ಇಳಿಸಿ ನೋಡಿ. ಗೋಪುರ ಹೋಗಿ ಹಕ್ಕಿ ಬರುತ್ತದೆ: ಮೇಯುತ್ತ, ನಿಂತು ಆಲಿಸುತ್ತ, ಮತ್ತೆ ಮೇಯುವ ಹಕ್ಕಿ.

ಈ ಮೈಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು ಸೊಗಸು. ಹಾರದ ಹಕ್ಕಿಗಳು ಲೋಕದಲ್ಲಿ ಇನ್ನೂ ಇವೆ, ಆದರೆ ರೆಕ್ಕೆಯ ನಂಟನ್ನು ಯಾವುದೂ ಪೂರ್ತಿ ಕಡಿದುಕೊಂಡಿಲ್ಲ. ಉಷ್ಟ್ರಪಕ್ಷಿ ಓಡುತ್ತ ತಿರುಗುವಾಗ ರೆಕ್ಕೆ ಬಿಚ್ಚಿ ತೂಕ ಸಂಭಾಳಿಸುತ್ತದೆ. ಪೆಂಗ್ವಿನ್ ಅದರಿಂದಲೇ ಈಜುತ್ತದೆ. ಅಷ್ಟೇಕೆ, ಮೋವಾದ ನೆಲದಲ್ಲೇ ಬದುಕಿರುವ ಕಿವಿ ಹಕ್ಕಿಯ ಗರಿಗಳ ಅಡಿ ಕೈಯಾಡಿಸಿದರೆ ಪುಟ್ಟ ರೆಕ್ಕೆಯೊಂದು ಸಿಗುತ್ತದೆ. ಮೋವಾದ ಮೈಯಲ್ಲಿ ರೆಕ್ಕೆಯ ಮೂಳೆ ಒಂದೂ ಇಲ್ಲ. ಭುಜದ ಜಾಗದಲ್ಲಿ ಕಿರಿದಾದ ಒಂದು ಮೂಳೆಯುಂಟು. ತೋಳು ಬಂದು ಸೇರಲು ಅದರಲ್ಲಿ ಗುಳಿಯೂ ಇಲ್ಲ. ಬಾವಲಿಗಳನ್ನು ಬಿಟ್ಟರೆ ನೆಲದ ಸಸ್ತನಿಯೇ ಇಲ್ಲದ ಆ ದ್ವೀಪಗಳಲ್ಲಿ ಕಾಡನ್ನು ಮೇಯುವ ಕೆಲಸ ಖಾಲಿ ಬಿದ್ದಿತ್ತು. ಜಿಂಕೆಯ ಕೆಲಸ, ಕಾಡುದನದ ಕೆಲಸ ಎರಡನ್ನೂ ಹಕ್ಕಿ ವಹಿಸಿಕೊಂಡಿತು; ಆಕಾಶ ಬೇಕಿರಲಿಲ್ಲ. ಇನ್ನೂ ಒಂದು ಸ್ವಾರಸ್ಯವಿದೆ. ಹಳೆಯ ಡಿಎನ್‌ಎ ಓದಿದಾಗ ಮೋವಾದ ಅತಿ ಹತ್ತಿರದ ನೆಂಟ ಕಿವಿಯಲ್ಲವೆಂದು ತಿಳಿಯಿತು. ಆ ನೆಂಟ ಸಾಗರದಾಚೆ ದಕ್ಷಿಣ ಅಮೆರಿಕದಲ್ಲಿದೆ. ಟಿನಾಮೂ ಎಂಬ ಕೌಜುಗದಂಥ ಹಕ್ಕಿ ಅದು, ಇವತ್ತಿಗೂ ಹಾರುತ್ತದೆ. ಒಂದೇ ಮನೆತನದಲ್ಲಿ ಒಬ್ಬರು ರೆಕ್ಕೆ ಉಳಿಸಿಕೊಂಡರು, ಇನ್ನೊಬ್ಬರು ಬೇರುಸಹಿತ ಬಿಟ್ಟರು.

ಗಂಡುಹೆಣ್ಣಿನ ಸಂಗತಿಯೂ ಅಷ್ಟೇ ಸ್ವಾರಸ್ಯದ್ದು. ಬಹುಕಾಲ ವಿಜ್ಞಾನಿಗಳು ಡೈನಾರ್ನಿಸ್ ಮೂಳೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ದೊಡ್ಡದು ಒಂದು ಜಾತಿ, ಚಿಕ್ಕದು ಇನ್ನೊಂದು ಎಂದು ಹೆಸರಿಡುತ್ತ ಹೋದರು. 2003ರಲ್ಲಿ ಡಿಎನ್‌ಎ ಆ ಗಂಟು ಬಿಡಿಸಿತು. ದೊಡ್ಡವೆಲ್ಲ ಹೆಣ್ಣು, ಚಿಕ್ಕವೆಲ್ಲ ಅವುಗಳ ಗಂಡಂದಿರು! ಹೆಣ್ಣು ಎತ್ತರದಲ್ಲಿ ಗಂಡಿನ ಒಂದೂವರೆಪಟ್ಟು, ತೂಕದಲ್ಲಿ ಎರಡೂವರೆಪಟ್ಟಿಗೂ ಹೆಚ್ಚು.

ಹಾಗಾದರೆ ಮೊಟ್ಟೆಗೆ ಕಾವು ಕೊಡುತ್ತಿದ್ದವರು ಯಾರು? ನ್ಯೂಜಿಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಟೆ ಪಾಪಾದಲ್ಲಿ ಒಂದು ಮೋವಾ ಮೊಟ್ಟೆಯಿದೆ. ಉದ್ದ 24 ಸೆಂಟಿಮೀಟರ್, ಅಗಲ ಸುಮಾರು 18. ಸಿಪ್ಪೆ ಸುಲಿಯದ ಭರ್ತಿ ತೆಂಗಿನಕಾಯಿಯಷ್ಟು. ಸಿಕ್ಕಿರುವ ಇಡೀ ಮೋವಾ ಮೊಟ್ಟೆಗಳಲ್ಲಿ ಅತಿ ದೊಡ್ಡದು ಅದೇ. ಇಷ್ಟು ದೊಡ್ಡ ಮೊಟ್ಟೆಗೆ ಚಿಪ್ಪು ಎಷ್ಟು ದಪ್ಪವಿರಬೇಕು? ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು ಹತ್ತಿರಹತ್ತಿರ 2 ಮಿಲಿಮೀಟರ್. ಅದಕ್ಕಿಂತ ಎಷ್ಟೋ ದೊಡ್ಡದಾದ ಡೈನಾರ್ನಿಸ್ ಮೊಟ್ಟೆಯ ಚಿಪ್ಪು ಒಂದೂವರೆ ಮಿಲಿಮೀಟರ್‌ಗೂ ಕಡಿಮೆ. 200 ಕಿಲೋದ ತಾಯಿ ಮೈಯಿಟ್ಟರೆ ಉಳಿಯುವುದುಂಟೇ? 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಚಿಪ್ಪುಗಳ ಹೊರಮೈಗೆ ಅಂಟಿದ ಡಿಎನ್‌ಎಯನ್ನು ಹುಡುಕಿತು. ಗೂಡಿನಲ್ಲಿ ಕೂತವರ ಮೈಯಿಂದ ಅಂಟಿದ್ದಾಗಿರಬೇಕಾದ ಆ ಗುರುತು ಗಂಡಿನದು. ಗೂಡು ಕಾಯುತ್ತಿದ್ದುದು ಹಗುರ ಮೈಯ ಅಪ್ಪಂದಿರು. ಹೆಣ್ಣಿನ ಭಾರ, ಗಂಡಿನ ಹಗುರ, ಚಿಪ್ಪಿನ ತೆಳುವು, ಮೂರೂ ಒಂದಕ್ಕೊಂದು ಹೊಂದಿಕೊಂಡು ಕೂತ ಈ ಲೆಕ್ಕವನ್ನು ಎಷ್ಟು ಸಲ ನೆನೆದರೂ ಸವಿ ಕಡಿಮೆಯಾಗುವುದಿಲ್ಲ.

ದನಿ ಮೂಳೆಯಲ್ಲಿ ಉಳಿಯುವುದಿಲ್ಲ ಎಂದುಕೊಳ್ಳುತ್ತೇವೆ. ಎಮಿಯಸ್, ಯೂರಿಯಾಪ್ಟೆರಿಕ್ಸ್ ಎಂಬ ಎರಡು ಕುಲದ ಮೋವಾಗಳು ಅದನ್ನೂ ಸ್ವಲ್ಪ ಉಳಿಸಿವೆ. ಅವುಗಳ ಶ್ವಾಸನಾಳದ ಉಂಗುರಗಳು ಮೂಳೆಗಟ್ಟಿ ಉಳಿದಿವೆ. ಜೋಡಿಸಿದರೆ ಒಂದು ಮೀಟರಿನವರೆಗೂ ಉದ್ದ, ಮೈಯೊಳಗೆ ಸುತ್ತು ಹಾಕಿಕೊಂಡ ನಾಳ. ನಮ್ಮ ಸಾರಸ ಹಕ್ಕಿಯ ಕಹಳೆಯ ದನಿಯ ಹಿಂದೆ ಇರುವುದೂ ಇಂಥದೇ ಸುತ್ತಿದ ನಾಳ. ಹಾಗಾಗಿ ಆ ಮೋವಾಗಳ ಕೂಗು ಗಂಭೀರವಾಗಿ, ಬಹುದೂರಕ್ಕೆ ಕೇಳುತ್ತಿತ್ತೆಂದು ಊಹಿಸಬಹುದು. ಇನ್ನು ಹೊಟ್ಟೆಯ ಗುರುತು. ಗಟ್ಟಿ ಕಡ್ಡಿಗಳನ್ನು ಅರೆಯಲು ಮೋವಾಗಳು ಕಲ್ಲು ನುಂಗುತ್ತಿದ್ದವು. ದೊಡ್ಡ ಹಕ್ಕಿಯ ಹೊಟ್ಟೆಯಲ್ಲಿ ಅಂಥ ಕಲ್ಲು ಕಿಲೋಗಟ್ಟಲೆ ಇರುತ್ತಿತ್ತು. ಉಜ್ಜಿ ಉಜ್ಜಿ ನುಣುಪಾದ ಬೆಣಚುಕಲ್ಲುಗಳ ಪುಟ್ಟ ರಾಶಿ, ಸುತ್ತ ಮೂಳೆಯೂ ಕರಗಿಹೋದ ಬಯಲಿನಲ್ಲಿ, ಇಲ್ಲೊಂದು ಮೋವಾ ಸತ್ತಿತ್ತೆಂಬುದಕ್ಕೆ ಸಾಕ್ಷಿಯಾಗಿ ಬಿದ್ದಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಮೋವಾದ ಮೈಯಿಂದ ಹೊರಗಿದೆ, ಗಿಡಗಳಲ್ಲಿ. ನ್ಯೂಜಿಲೆಂಡಿನ 50ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಒಂದು ವಿಚಿತ್ರ ಹಟ. ಕೊಂಬೆಗಳು ಅಗಲ ಕೋನದಲ್ಲಿ ಕವಲೊಡೆದು, ಒಂದರೊಳಗೊಂದು ಹೆಣೆದುಕೊಂಡು, ಎಲೆಗಳನ್ನು ಪುಟ್ಟದಾಗಿಸಿ ಒಳಗೆ ಬಚ್ಚಿಡುತ್ತವೆ. ಹೊರಗೆ ಕಾಣುವುದು ತಂತಿಯಂಥ ಬರಿಕಡ್ಡಿ. ಚಳಿಗಾಳಿಯೇ ಇದಕ್ಕೆ ಕಾರಣ ಎನ್ನುವವರೂ ಇದ್ದಾರೆ. ಆದರೆ ಉಷ್ಟ್ರಪಕ್ಷಿ, ಎಮುಗಳ ಮುಂದೆ ಇಂಥ ಗಿಡ ಇಟ್ಟು ನೋಡಿದಾಗ, ಕಚ್ಚಿ ಎಳೆದು ತಿನ್ನುವ ಆ ಹಕ್ಕಿಗಳ ಕೊಕ್ಕಿಗೆ ಸಿಕ್ಕಿದ್ದು ಅಲ್ಪ.

ಹೊರೊಯೆಕಾ ಎಂಬ ಮರವಂತೂ ಇನ್ನೂ ಚತುರ. ಮೊಳಕೆಯಲ್ಲಿ ಅದರ ಎಲೆ ಕಂದು ಮಚ್ಚೆಗಳದ್ದು, ತರಗೆಲೆಯ ನಡುವೆ ಕಣ್ಣಿಗೇ ಬೀಳದು. ಕೊಂಚ ಬೆಳೆದರೆ ವೇಷ ಬದಲು: ಉದ್ದನೆಯ, ಗಡುಸಾದ, ಮುಳ್ಳಂಚಿನ ಎಲೆಗಳು ಕೆಳಮುಖವಾಗಿ ಚಾಚಿಕೊಳ್ಳುತ್ತವೆ, ಒಂದೊಂದು ಮುಳ್ಳಿನ ಬಳಿಯೂ ಬೇರೆ ಬಣ್ಣದ ಗುರುತು, ಕಂಡವರು ದೂರ ಇರಲಿ ಎಂದು. ಸುಮಾರು 3 ಮೀಟರ್ ದಾಟಿತೋ, ಎಲ್ಲ ಆಯುಧ ಕೆಳಗಿಟ್ಟು ಸಾಮಾನ್ಯ ಹಸಿರೆಲೆಯ ಸಾಧು ಮರವಾಗಿಬಿಡುತ್ತದೆ. 3 ಮೀಟರ್ ಎಂದರೆ ಹೆಚ್ಚುಕಡಿಮೆ ಅತಿ ದೊಡ್ಡ ಮೋವಾದ ಕೊಕ್ಕಿನ ಎಟುಕು. ಪೂರ್ವಕ್ಕೆ ನೂರಾರು ಕಿಲೋಮೀಟರ್ ದೂರದ ಚಾಥಮ್ ದ್ವೀಪಗಳಲ್ಲಿ ಮೋವಾ ಇರಲೇ ಇಲ್ಲ. ಅಲ್ಲಿರುವ ಇದರ ದಾಯಾದಿ ಮರ ಇಂಥ ಬಣ್ಣದಾಟಕ್ಕೆ ಕೈಹಾಕಿಲ್ಲ. ಹಗೆ ಸತ್ತು ಐನೂರು ವರ್ಷ ದಾಟಿದರೂ ಹೊರೊಯೆಕಾ ಪ್ರತಿ ಸಸಿಯಲ್ಲೂ ಮೋವಾದ ಎತ್ತರವನ್ನು ಅಳೆದು ತೋರಿಸುತ್ತಿದೆ.

ಮೋವಾವನ್ನು ತಿನ್ನುವವರೂ ಇದ್ದರು. ಮೇಲಿನಿಂದ ಎರಗುತ್ತಿದ್ದ ಹಾಸ್ಟ್ ಹದ್ದು ನಾವು ಬಲ್ಲ ಹದ್ದುಗಳಲ್ಲೆಲ್ಲ ಅತಿ ಭಾರದ್ದು. ಹೆಣ್ಣು 10ರಿಂದ 15 ಕಿಲೋ. ಮೋವಾಗಳ ಸೊಂಟದ ಮೂಳೆಯಲ್ಲಿ ಅದರ ಉಗುರು ಕೊರೆದ ತೂತುಗಳು ಸಿಕ್ಕಿವೆ. ಡಿಎನ್‌ಎ ಪ್ರಕಾರ ಅದರ ಹತ್ತಿರದ ಬಂಧುಗಳು ಆಸ್ಟ್ರೇಲಿಯಾ ಕಡೆಯ ಕಿರುಹದ್ದುಗಳು. ಬೇಟೆ ದೈತ್ಯವಾದ ನಾಡಿನಲ್ಲಿ ಬೇಟೆಗಾರನೂ ದೈತ್ಯನಾಗಿ ಬೆಳೆದ. ಮೋವಾ ಹೋದ ಮೇಲೆ ಅವನಿಗೂ ಉಳಿಗಾಲವಿರಲಿಲ್ಲ.

ಆದಿಕವಿಯ ಕ್ರೌಂಚದ ಪ್ರಸಂಗದಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಂದು ಕ್ಷಣವಿದೆ. ಬಾಣ ತಾಗುವ ಮೊದಲು ವಾಲ್ಮೀಕಿ ಆ ಜೋಡಿಯನ್ನು ನೋಡುತ್ತಾನೆ, ಅವು ತಮ್ಮ ಪಾಡಿಗೆ ಸುಖವಾಗಿ ವಿಹರಿಸುತ್ತಿದ್ದುದನ್ನು ಕಣ್ತುಂಬ ಕಂಡಿರುತ್ತಾನೆ. ಆಮೇಲೆ ಹುಟ್ಟಿದ ಶೋಕಕ್ಕೆ ತೂಕ ಬಂದದ್ದು ಆ ನೋಟದಿಂದ. ಮೋವಾದ ಮಟ್ಟಿಗೆ ಆ ಮೊದಲ ನೋಟವನ್ನು ಇಲ್ಲಿವರೆಗೆ ಕಟ್ಟಿಕೊಂಡದ್ದಾಯಿತು. ಇನ್ನು ಬಾಣದ ಮಾತು.

ಸುಮಾರು 1300ರ ಆಸುಪಾಸಿನಲ್ಲಿ ಪಾಲಿನೇಷ್ಯಾದ ನಾವಿಕರು ಜೋಡಿದೋಣಿಗಳಲ್ಲಿ ಬಂದು ಈ ದ್ವೀಪಗಳಲ್ಲಿ ನೆಲೆಸಿದರು. ಅವರೇ ಮಾವೋರಿಗಳ ಪೂರ್ವಜರು. ಆಗ ಮೋವಾ ಕ್ಷೀಣಿಸುತ್ತಿರಲಿಲ್ಲ. ಅವುಗಳ ಸಂತತಿ ಗಟ್ಟಿಯಾಗಿಯೇ ಇತ್ತೆಂದು 2014ರ ಡಿಎನ್‌ಎ ಅಧ್ಯಯನ ಹೇಳುತ್ತದೆ. ಬಂದ ಜನವೂ ಕಡಿಮೆ: ಮೋವಾ ಕಣ್ಮರೆಯಾಗುವ ಹೊತ್ತಿಗೆ ಅವರ ಸಂಖ್ಯೆ 2,500 ಮೀರಿರಲಿಲ್ಲವೆಂಬ ಅಂದಾಜಿದೆ. ಆದರೂ ಒಂದೂವರೆ ಶತಮಾನದೊಳಗೆ, 1440ರ ಆಸುಪಾಸಿಗೆ, ಒಂಬತ್ತು ಜಾತಿಯೂ ಮುಗಿದವು. ಅಷ್ಟು ಕಡಿಮೆ ಕೈಗಳಿಗೆ ಅದು ಸಾಧ್ಯವಾದದ್ದು ಹೇಗೆಂಬ ಪ್ರಶ್ನೆಗೆ ಉತ್ತರವೂ ಮೂಳೆಯಲ್ಲೇ ಇದೆ. ಕೆಲವು ಮೋವಾ ಜಾತಿಗಳ ಕಾಲಿನ ಮೂಳೆಯಲ್ಲಿ ಮರದಲ್ಲಿರುವಂತೆ ಬೆಳವಣಿಗೆಯ ಉಂಗುರಗಳಿವೆ. ಪ್ರಾಯಕ್ಕೆ ಬರಲು ಹತ್ತು ವರ್ಷದವರೆಗೂ ಬೇಕಾಗುತ್ತಿತ್ತು. ಬಹುಪಾಲು ಹಕ್ಕಿಗಳು ಒಂದು ವರ್ಷದೊಳಗೆ ಮುಗಿಸುವ ಬೆಳವಣಿಗೆಯನ್ನು ಮೋವಾ ನಿಧಾನವಾಗಿ, ನೆಮ್ಮದಿಯಿಂದ ಪೂರೈಸುತ್ತಿತ್ತು. ಹದ್ದೊಂದೇ ಶತ್ರುವಾಗಿದ್ದ ಲೋಕಕ್ಕೆ ಆ ನಿಧಾನ ಸರಿಯಿತ್ತು. ದೊಡ್ಡ ಹಕ್ಕಿಯನ್ನು ಕೊಂದು, ಗೂಡಿನ ಮೊಟ್ಟೆಯನ್ನೂ ಎತ್ತುವ ಮನುಷ್ಯನ ಮುಂದೆ ಅದೇ ನಿಧಾನ ಮುಳುವಾಯಿತು.

ಇಲ್ಲಿ ಯಾರನ್ನಾದರೂ ರಾಕ್ಷಸರನ್ನಾಗಿ ಮಾಡಿದರೆ ರಸಭಂಗ. ವೈರೌ ಬಾರ್ ಎಂಬ ಹಳೆಯ ನೆಲೆಯಲ್ಲಿ 1939ರಲ್ಲಿ ಶಾಲಾಬಾಲಕ ಜಿಮ್ ಐಲ್ಸ್ ನೆಲ ಅಗೆಯುವಾಗ ಒಂದು ಸಮಾಧಿ ಸಿಕ್ಕಿತು, ಜೊತೆಗೆ ತುದಿಗೆ ರಂಧ್ರ ಕೊರೆದ ಮೋವಾ ಮೊಟ್ಟೆ. ಟೆ ಪಾಪಾದ ದೊಡ್ಡ ಮೊಟ್ಟೆ ಸಿಕ್ಕಿದ್ದೂ ಕೈಕೌರಾದ ಒಂದು ಸಮಾಧಿಯಲ್ಲೇ, 1857ರ ಸುಮಾರಿಗೆ. ತಮ್ಮವರನ್ನು ಕೊನೆಯ ಪಯಣಕ್ಕೆ ಕಳಿಸುವಾಗ ಈ ಜನ ಜೊತೆಗಿಡಲು ಆರಿಸಿಕೊಂಡದ್ದು ಮೋವಾದ ಮೊಟ್ಟೆಯನ್ನು. ತಿಂದವರೇ ಅದರ ಚೆಲುವನ್ನು ಬಲ್ಲ ಮೊದಲ ರಸಿಕರೂ ಹೌದು. ಮುಂದಿನ ತಲೆಮಾರುಗಳು ಪೂರ್ತಿ ಅಳಿದುಹೋಗುವುದಕ್ಕೆ ಮೋವಾವನ್ನೇ ಮಾದರಿಯಾಗಿಸಿ ಗಾದೆ ಕಟ್ಟಿದವು.

ಈಗ ಹಕ್ಕಿಯನ್ನು ಮರಳಿ ಕರೆಯುವ ಮಾತೂ ಎದ್ದಿದೆ. ಕೊಲೊಸಲ್ ಎಂಬ ಅಮೆರಿಕದ ಕಂಪನಿ 2025ರ ಜುಲೈಯಲ್ಲಿ ಅಂಥ ಯೋಜನೆ ಪ್ರಕಟಿಸಿತು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಅದರ ಬೆಂಬಲಿಗ. ಕೋಟ್ಯಂತರ ವರ್ಷ ಹಿಂದೆ ಕವಲೊಡೆದ ನೆಂಟನ ಜೀನುಗಳನ್ನು ತಿದ್ದಿ ತಂದ ಹಕ್ಕಿಯನ್ನು ಮೋವಾ ಎನ್ನಬಹುದೇ ಎಂದು ಕೇಳುವ ವಿಜ್ಞಾನಿಗಳ ಪಕ್ಷಕ್ಕೇ ನನ್ನ ಮನಸ್ಸು ವಾಲುತ್ತದೆ. ತೆಳುಚಿಪ್ಪಿನ ಮೇಲೆ ಮೈ ಹಗುರ ಮಾಡಿ ಕೂರುವ ಅಪ್ಪ, ಮೂರು ಮೀಟರಿನ ಗಡಿ ಕಾಯುವ ಮರ, ಸೊಂಟಕ್ಕೆರಗುವ ಹದ್ದು, ಇಷ್ಟೂ ಸೇರಿ ಮೋವಾ. ಇದು ಪ್ರಯೋಗಾಲಯದ ತಟ್ಟೆಯಲ್ಲಿ ಹಿಡಿಯುವ ವಸ್ತುವಲ್ಲ.

ಬೆರಗು ಮೊದಲು ಬಂದರೆ ಅಳಲು ಬರಿ ಅಳಲಾಗಿ ನಿಲ್ಲುವುದಿಲ್ಲ ಎಂಬುದಕ್ಕೆ ಮೋವಾದ ನಾಡಿನಲ್ಲೇ ಜೀವಂತ ಉದಾಹರಣೆಯಿದೆ. ಕಾಕಾಪೋ ಲೋಕದ ಅತಿ ಭಾರದ ಗಿಣಿ, ಹಾರಲಾರದ್ದು. ಗಂಡು ನೆಲದಲ್ಲಿ ಬೋಗುಣಿಯಂತೆ ಗುಳಿ ತೋಡಿ ಕೂತು, ಮೈಯುಬ್ಬಿಸಿ, ರಾತ್ರಿಯಿಡೀ ಹೆಣ್ಣಿಗಾಗಿ ಗುಡುಗುತ್ತದೆ. 1995ರಲ್ಲಿ ಉಳಿದದ್ದು 51. ಸರ್ಕಾರದ ಸಂರಕ್ಷಣಾ ಇಲಾಖೆಯವರೂ ದಕ್ಷಿಣ ದ್ವೀಪದ ಮಾವೋರಿ ಸಮುದಾಯವಾದ ನಾಯ್ ತಾಹು ಜನರೂ ಒಟ್ಟಾಗಿ ಪ್ರತಿಯೊಂದಕ್ಕೂ ಹೆಸರಿಟ್ಟು, ಬೆನ್ನಿಗೆ ಪುಟ್ಟ ಟ್ರಾನ್ಸ್‌ಮೀಟರ್ ಕಟ್ಟಿ, ಶತ್ರುಗಳಿಲ್ಲದ ದ್ವೀಪಗಳಲ್ಲಿ ಗೂಡುಗೂಡಿಗೂ ಕಾವಲು ಕೂತರು. ಕಾಕಾಪೋಗಳ ಸಂಖ್ಯೆ ಇಂದು 200 ದಾಟಿದೆ. ಅವನ್ನು ಹೆಸರು ಹಿಡಿದು ಬಲ್ಲವರು ಈಗಲೂ ಪಾಳಿ ಹಾಕಿಕೊಂಡು ಕಾಯುತ್ತಿದ್ದಾರೆ.