ಹಳೆಯ ಚಿತ್ರದ ನೆರಳು

ಕೌಬಾಯ್ ಚಿತ್ರಗಳಲ್ಲಿ ಹಳೆಯ ಚಿತ್ರಗಳ ನೆರಳನ್ನು ಗುರುತಿಸಿ ಹಿಗ್ಗುವುದು ನಮ್ಮಂಥ ಚಿತ್ರರಸಿಕರ ಚಟ. ಆದರೆ ಗುರುತಿಸಿದ ಮಾತ್ರಕ್ಕೆ ಮುಗಿಯಿತೆ?

ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೊನೆಯವರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ (1968) ಚಿತ್ರದ ಆರಂಭದಲ್ಲಿ ಮೂವರು ಬಂದೂಕುಗಾರರು ರೈಲಿಗೆ ಕಾಯುತ್ತಾರೆ. ನಮಗೆ ಕೂಡಲೇ ‘ಹೈ ನೂನ್’ (1952) ನೆನಪಾಗುತ್ತದೆ. ಅಲ್ಲಿ ಕಾದವರು ತಮ್ಮ ನಾಯಕನೊಡನೆ ಊರೊಳಕ್ಕೆ ನಡೆದರು; ಇಲ್ಲಿ ಕಾದವರು ನಿಲ್ದಾಣದಲ್ಲೇ ಹೆಣವಾಗುತ್ತಾರೆ.

ಜಾನ್ ಫೋರ್ಡರ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ (1946) ಚಿತ್ರದಲ್ಲಿ ನ್ಯಾಯ ಕಾಯ್ದ ಹೆನ್ರಿ ಫೋಂಡಾ, ಲಿಯೊನೆಯವರ ಚಿತ್ರದಲ್ಲಿ ಎಳೆಯ ಹುಡುಗನಿಗೆ ಗುಂಡಿಡುತ್ತಾರೆ. ಆ ಗುಂಡು ನಮ್ಮ ಹಳೆಯ ನಂಬಿಕೆಗೂ ತಗಲುತ್ತದೆ. ಹಳೆಯದನ್ನು ಬಲ್ಲವರಿಗೆ ನೋವು ಇಮ್ಮಡಿ. ಅರಿಯದವರಿಗೂ ದೃಶ್ಯ ಮುಕ್ಕಾಗದು. ಇಂಥ ನೆರಳಷ್ಟೇ ಸಾರ್ಥಕವೆಂದು ನಮ್ಮ ಅಭಿಪ್ರಾಯ.